ಪಾದರಕ್ಷೆಯೋ, ಪಾದಶಿಕ್ಷೆಯೋ?

ಕಾಲಿಗೆ ತೊಡುವ ವಸ್ತುವಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಕೆರ, ಮೆಟ್ಟು, ಎಕ್ಕಡ, ಜೋಡು, ಹಾವುಗೆ: ಒಂದೊಂದಕ್ಕೂ ಒಂದೊಂದು ಸೀಮೆಯ, ಒಂದೊಂದು ಕಾಲದ ಮಣ್ಣು ಅಂಟಿಕೊಂಡಿದೆ. ಆದರೆ ವಸ್ತುವಿನ ಉದ್ದೇಶವನ್ನು ಬಿಚ್ಚಿ ಹೇಳುವ ಪದವೆಂದರೆ ಸಂಸ್ಕೃತದಿಂದ ಬಂದ 'ಪಾದರಕ್ಷೆ'. ಶಾಲೆಗಳು ಬಾಗಿಲು ತೆರೆಯುವ ದಿನಗಳಲ್ಲಿ, ಮಕ್ಕಳ ಕೈಹಿಡಿದು ಬೂಟಿನ ಅಂಗಡಿಗಳ ಮುಂದೆ ನೆರೆದ ತಾಯಿತಂದೆಯರನ್ನು ಕಂಡಾಗಲೆಲ್ಲ ನನಗೆ ಈ ಪದದ ನೆನಪಾಗುತ್ತದೆ. ಅಲ್ಲಿನ ಮಾತುಕತೆಯಲ್ಲಿ ಬಣ್ಣದ ವಿಚಾರವುಂಟು, ಬೆಲೆಯ ವಿಚಾರವುಂಟು, ಬಾಳಿಕೆಯ ವಿಚಾರವುಂಟು. ಪಾದದ ವಿಚಾರ ಮಾತ್ರ ಕಟ್ಟಕಡೆಗೆ ಬರುತ್ತದೆ.

'ಬೆಳೆಯುವ ಮಗು, ಎರಡು ನಂಬರು ದೊಡ್ಡದೇ ಇರಲಿ' ಎಂಬುದು ನಮ್ಮ ಸಂಸಾರಗಳ ಅಲಿಖಿತ ಶಾಸನ. ತಿಂಗಳ ಸಂಬಳವನ್ನು ಎಣಿಸಿ ಬದುಕುವವರ ಈ ಜಾಣತನವನ್ನು ನಾನು ಹಳಿಯಲಾರೆ. ಆದರೂ ಲೆಕ್ಕವನ್ನು ಒಮ್ಮೆ ನೋಡೋಣ. ಇಂಗ್ಲಿಷ್ ಪದ್ಧತಿಯಲ್ಲಿ ಬೂಟಿನ ಒಂದು ನಂಬರೆಂದರೆ ಒಂದು ಜವೆಗೋದಿ ಕಾಳಿನ ಉದ್ದ, ಅಂದರೆ ಇಂಚಿನ ಮೂರನೆಯ ಒಂದು ಪಾಲು, ಸುಮಾರು 8.5 ಮಿಲಿಮೀಟರು. ಸರಿಯಾದ ಬೂಟಿನಲ್ಲಿಯೇ ಬೆರಳುಗಳ ಮುಂದೆ ಸುಮಾರು 1 ಸೆಂಟಿಮೀಟರು ತೆರವಿರಬೇಕು. ಬೆಳವಣಿಗೆಗೆಂದು ಬಿಟ್ಟ ಜಾಗ ಅದೇ. ಅದರ ಮೇಲೆ ಎರಡು ನಂಬರು ಏರಿಸಿದರೆ ತೆರವು ಎರಡೂವರೆ ಸೆಂಟಿಮೀಟರನ್ನೂ ಮೀರುತ್ತದೆ. ಆಗ ಪಾದ ಒಳಗೆ ಜಾರುತ್ತದೆ, ಹಿಮ್ಮಡಿಯಲ್ಲಿ ಬೊಕ್ಕೆ ಏಳುತ್ತದೆ, ಬೂಟು ಕಳಚಿ ಹೋಗದಂತೆ ಮಗು ಬೆರಳುಗಳನ್ನು ಮುದುರಿ ನಡೆಯುತ್ತದೆ. ಪಾದವನ್ನು ಕಾಯಬೇಕಾದ ಬೂಟನ್ನು ಪಾದವೇ ಕಾಯತೊಡಗುತ್ತದೆ! ತಮ್ಮನಿಗೆ ಅಣ್ಣನ ಹಳೆಯ ಬೂಟನ್ನು ದಾಟಿಸುವಾಗಲೂ ಎಚ್ಚರ ಬೇಕು. ಅದರ ಒಳಗಡೆ ಅಣ್ಣನ ಪಾದದ ಅಚ್ಚು ಮೂಡಿರುತ್ತದೆ.

ಕೊಳ್ಳುವ ಕ್ರಮ ಕಷ್ಟದ್ದೇನಲ್ಲ. ದಿನದ ಓಡಾಟದಿಂದ ಪಾದ ಕೊಂಚ ಊದಿಕೊಂಡಿರುವ ಸಂಜೆಯ ಹೊತ್ತು, ಕಾಲುಚೀಲ ತೊಡಿಸಿ, ಮಗುವನ್ನು ನಿಲ್ಲಿಸಿ, ಎರಡು ಪಾದಗಳನ್ನೂ ಅಳೆಯಬೇಕು. ದೊಡ್ಡದಾಗಿರುವ ಪಾದಕ್ಕೆ ಒಪ್ಪುವುದನ್ನು ಕೊಳ್ಳಬೇಕು. ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆಸಿ, ಮಗುವನ್ನೇ ಕೇಳಬೇಕು. ಹಣ ಕೊಡುವವರು ನಾವಾದರೂ ನಡೆಯುವುದು ಮಗು.

ಜೋಪಾನದ ವಿಚಾರದಲ್ಲಿಯೂ ನಮ್ಮ ಕಣ್ಣು ಹೊರಮೈಯ ಮೇಲೆಯೇ. ಪಾಲಿಷು ತಿಕ್ಕುವುದು ಒಳ್ಳೆಯದೇ, ಚರ್ಮ ಬಿರಿಯದಂತೆ ಅದು ತಡೆಯುತ್ತದೆ. ಆದರೆ ಮಗುವಿನ ಕಾಲಿಗೆ ತಾಗುವುದು ಬೂಟಿನ ಒಳಭಾಗ. ನೆನೆದ ಬೂಟನ್ನು ಒಲೆಯ ಬಳಿ ಇಟ್ಟರೆ ಚರ್ಮ ಸೆಟೆಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಲಾಡಿ ಬಿಚ್ಚಿ, ಒಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿ, ಗಾಳಿಯಾಡುವ ನೆರಳಿನಲ್ಲಿ ಆರಿಸಬೇಕು. (ನಾವು ಬರೆಯುವ ಲೇಖನಗಳಿಗೆ ಸೋಮವಾರದ ನಂತರವೂ ಒಂದು ಉಪಯೋಗವುಂಟೆಂಬುದು ಸಮಾಧಾನದ ಸಂಗತಿ.) ಕಾಲುಚೀಲವನ್ನು ದಿನವೂ ಒಗೆಯಬೇಕು.

ಇಷ್ಟೆಲ್ಲ ಹೇಳಿದ್ದರಿಂದ ನಾನು ಬರಿಗಾಲನ್ನು ಹೊಗಳುವವನೆಂದು ಓದುಗರು ಭಾವಿಸಬಾರದು. ಒದ್ದೆ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳನ್ನು ಸೇರಿ ರಕ್ತ ಹೀರುತ್ತದೆ. ಮೇಲುಜಾತಿಯವರ ಬೀದಿಯಲ್ಲಿ ಕೆರ ಮೆಟ್ಟಿ ನಡೆಯಬಾರದೆಂದು ದಲಿತರನ್ನು ಕಟ್ಟುಹಾಕಿದ್ದ ನಾಡು ನಮ್ಮದು. ಲೋಕಕ್ಕೆಲ್ಲ ಮೆಟ್ಟು ಹೊಲಿದುಕೊಟ್ಟವರ ಮಕ್ಕಳೇ ಬರಿಗಾಲಿನಲ್ಲಿ ನಡೆದರು. ಆದ್ದರಿಂದ 2015-16ರಲ್ಲಿ ಕರ್ನಾಟಕ ಸರ್ಕಾರ ತನ್ನ ಶಾಲೆಗಳ ಮಕ್ಕಳಿಗೆ ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಕೊಡುವ ಏರ್ಪಾಡು ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ದಾನಕ್ಕೂ ವೇಳೆಯುಂಟು. 2022ರಲ್ಲಿ ಮೇ ತಿಂಗಳಲ್ಲೇ ಶಾಲೆ ತೆರೆದರೂ 132 ಕೋಟಿ ರೂಪಾಯಿ ಮಂಜೂರಾದದ್ದು ಜುಲೈಯಲ್ಲಿ, ಅದೂ ಸಾಕಷ್ಟು ವಾಗ್ವಾದ ನಡೆದ ಮೇಲೆ. ಮಗುವಿನ ಪಾದ ಕಡತಕ್ಕಾಗಿ ಕಾಯುವುದಿಲ್ಲ. ಅದು ಬೆಳೆಯುತ್ತಲೇ ಇರುತ್ತದೆ.

ಒಂದು ಮಾತಿನಲ್ಲಿ ಮಾತ್ರ ಸರ್ಕಾರವನ್ನು ಮೆಚ್ಚಬೇಕು. ಸ್ಥಳೀಯ ಹವೆಗೆ ತಕ್ಕಂತೆ ಬೂಟಿನ ಬದಲು ಚಪ್ಪಲಿಯನ್ನು ಕೊಳ್ಳಲು ಅದು ಶಾಲೆಗಳ ಸಮಿತಿಗಳಿಗೆ ಅವಕಾಶವಿತ್ತಿದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಮುಚ್ಚಿದ ಬೂಟು ದಿನವಿಡೀ ನೀರಿನ ಚೀಲ. ಬೆರಳುಗಳ ನಡುವೆ ಚರ್ಮ ಬೆಳ್ಳಗಾಗಿ ಕೊಳೆಯುವುದು ಅದರಲ್ಲಿಯೇ. ಈ ವಿವೇಕ ಎಷ್ಟೋ ಖಾಸಗಿ ಶಾಲೆಗಳಿಗೆ ಇನ್ನೂ ಬಂದಿಲ್ಲ; ಜಡಿಮಳೆಯಲ್ಲಿಯೂ ಅವು ಕರಿಯ ಬೂಟಿನ ಹೊಳಪನ್ನು ಕೇಳುತ್ತವೆ, ಇಲ್ಲವಾದರೆ ದಂಡ ಕೇಳುತ್ತವೆ. ಶಿಸ್ತು ಬೇಕು, ನಿಜ. ಮೇಷ್ಟರ ಕಣ್ಣಿಗೆ ತಂಪಾಗಲೆಂದು ಮಗುವಿನ ಕಾಲು ಕೊಳೆಯುವುದಾದರೆ ಅದು ಶಿಸ್ತಲ್ಲ, ಶಿಕ್ಷೆ. ಮಳೆಗಾಲದ ಮೂರು ತಿಂಗಳು ಎಲ್ಲ ಶಾಲೆಗಳೂ ಹಿಂದೆ ಪಟ್ಟಿಯಿರುವ ಚಪ್ಪಲಿಗೆ ಒಪ್ಪಬೇಕೆಂಬುದು ನನ್ನ ಮನವಿ.

ಉಳಿದ ಕೆಲಸ ಮನೆಯದು. ಮಗು ಸಂಜೆ ಬಂದೊಡನೆ ಬೂಟಿಗೆ ಮಣ್ಣು ಮೆತ್ತಿತೆಂದು ಗದರುವ ಮೊದಲು, ಕಾಲುಚೀಲ ಕಳಚಿಸಿ ಹಿಮ್ಮಡಿಯನ್ನೊಮ್ಮೆ ನೋಡೋಣ.