ಕೊನೆಯವರು ಬರುವವರೆಗೆ ಹೊರಡಬೇಡಿ

ಲಂಡನ್ನಿನಿಂದ ಬ್ರೈಟನ್ ಕಡಲತೀರ ಸುಮಾರು 90 ಕಿಲೋಮೀಟರ್. ರೈಲು ಹತ್ತಿದರೆ ಒಂದು ಗಂಟೆಯ ಹಾದಿ. ಅಷ್ಟನ್ನು ರಾತ್ರಿಯಿಡೀ ಸೈಕಲ್ ತುಳಿದು, ಬೆಳಗಿನ ತಿಂಡಿಯ ಹೊತ್ತಿಗೆ ಮುಟ್ಟುವ ಜನ ಇಲ್ಲಿದ್ದಾರೆ. ಶುಕ್ರವಾರ ಮಧ್ಯರಾತ್ರಿ ಹೈಡ್ ಪಾರ್ಕ್ ಕಾರ್ನರ್‌ನ ವೆಲಿಂಗ್ಟನ್ ಕಮಾನಿನ ಬಳಿ ಸೇರಿ ಹೊರಡುವುದರಿಂದ ಈ ಸವಾರಿಗೆ ‘ಫ್ರೈಡೇ ನೈಟ್ ರೈಡ್ ಟು ದ ಕೋಸ್ಟ್’ ಎಂದೇ ಹೆಸರು. ಒಮ್ಮೆ ಬ್ರೈಟನ್ನಿಗೆ, ಇನ್ನೊಮ್ಮೆ ಕೆಂಟ್ ಸೀಮೆಯ ವಿಟ್‌ಸ್ಟೇಬಲ್‌ಗೆ, ಮತ್ತೊಮ್ಮೆ ಥೇಮ್ಸ್ ನದಿ ಕಡಲು ಸೇರುವ ಸೌತೆಂಡ್‌ಗೆ. ಪದಕ ಇಲ್ಲ, ಬಹುಮಾನ ಇಲ್ಲ, ಯಾರು ಎಷ್ಟು ಹೊತ್ತಿಗೆ ಮುಟ್ಟಿದರೆಂದು ಬರೆದಿಡುವವರೂ ಇಲ್ಲ.

ಈ ಸವಾರಿಯ ಒಂದು ಕಟ್ಟಳೆ ನಮ್ಮ ಬೆಂಗಳೂರು, ಮೈಸೂರು, ಮಂಗಳೂರಿನ ಸೈಕಲ್ ಬಳಗಗಳಿಗೂ ಬರಬೇಕು ಎಂಬುದು ನನ್ನ ಆಸೆ. ಬರೆಯಲು ಕೂತದ್ದೇ ಅದಕ್ಕಾಗಿ.

ನಾನು ಕುಮಟಾ ಕಡೆಯವಳು. ದಕ್ಷಿಣ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ ಮಾಡಿ ಮಾಡಿ ನಿದ್ದೆಗೆಡುವುದು ಅಭ್ಯಾಸವಾಗಿತ್ತು, ಆದರೆ ರಾತ್ರಿಯ ರಸ್ತೆ ಎಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ವಯಸ್ಸು ಐವತ್ತರ ಸಮೀಪ, ಬಲ ಮೊಣಕಾಲಿನಲ್ಲಿ ನೋವು, ಸೈಕಲ್ಲೋ ಸಂತೆಗೆ ಹೋಗಿಬರಲು ಕೊಂಡ ಮುಂದೆ ಬುಟ್ಟಿಯಿರುವ ಸೈಕಲ್. ವಾರ್ಡಿನ ಗೆಳತಿಯೊಬ್ಬಳು ಒಂದು ಸಲ ಬಂದು ನೋಡು ಎಂದು ಬಿಡದೆ ಕರೆದಳು. ಹೊರಡುವ ಮುಂಚೆ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ನೇರವಾದ ಪ್ರಶ್ನೆ.

“ಮಧ್ಯರಾತ್ರಿ ಎಲ್ಲಿಗೆ ಹೊರಟ್ಯೆ ಕೂಸೇ? ಜೊತೆಗೆ ಯಾರಿದ್ದಾರೆ?”

“ಐವತ್ತು ಅರವತ್ತು ಜನ ಇದ್ದಾರೆ ಅಮ್ಮಾ.”

“ಅಷ್ಟು ಜನರಲ್ಲಿ ನಿನಗೆ ಅಂತ ನಿಲ್ಲುವವರು ಯಾರು?”

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಬೆಳಗಾಗುವಷ್ಟರಲ್ಲಿ ಸಿಕ್ಕಿತು.

ಇವರ ಏರ್ಪಾಡು ಹೀಗಿದೆ. ಮುಂದೆ ದಾರಿ ಬಲ್ಲ ಒಬ್ಬರು ಇರುತ್ತಾರೆ. ತಿರುವು ಬಂದಾಗ ಅವರು ತಮ್ಮ ಬೆನ್ನಿಗಿರುವ ಒಬ್ಬರಿಗೆ ಕೈ ಮಾಡುತ್ತಾರೆ. ಆ ಒಬ್ಬರು ಅಲ್ಲೇ ನಿಂತು, ಹಿಂದೆ ಬರುವವರಿಗೆಲ್ಲ ಎಡಕ್ಕೋ ಬಲಕ್ಕೋ ಎಂದು ತೋರಿಸಬೇಕು. ಎಲ್ಲರ ಹಿಂದೆ ಒಂದಿಬ್ಬರು ಅನುಭವಸ್ಥರು ಬರುತ್ತಾರೆ, ಅವರನ್ನು ‘ಟೇಲ್ ಎಂಡ್ ಚಾರ್ಲಿ’ ಎನ್ನುತ್ತಾರೆ. ಯಾರು ಎಷ್ಟೇ ನಿಧಾನವಾಗಿ ತುಳಿಯಲಿ, ಚಾರ್ಲಿ ಅವರನ್ನು ದಾಟಿ ಹೋಗುವ ಹಾಗಿಲ್ಲ. ತಿರುವಿನಲ್ಲಿ ನಿಂತವರು ಚಾರ್ಲಿಯ ಮುಖ ಕಂಡ ಮೇಲೆಯೇ ಅಲ್ಲಿಂದ ಕದಲಬೇಕು. ಮುಂದಿನ ಗುಂಪು ಆಗಾಗ ನಿಲ್ಲುತ್ತದೆ. ಎಲ್ಲರೂ ಬಂದಾಯಿತು ಎಂಬ ಕೂಗು ಹಿಂದಿನಿಂದ ಕೇಳಿದ ನಂತರವೇ ಮತ್ತೆ ಹೊರಡುತ್ತದೆ. ಪಂಕ್ಚರ್ ಆದರೆ ಇಡೀ ಗುಂಪು ಕಾಯುತ್ತದೆ. ಟಾರ್ಚ್ ಹಿಡಿಯಲು ಒಬ್ಬರು, ಟೈರ್ ಬಿಚ್ಚಲು ಒಬ್ಬರು, ಗಾಳಿ ಹೊಡೆಯಲು ಮತ್ತೊಬ್ಬರು. ನಕ್ಷೆ ತೋರಿಸುವ ದುಬಾರಿ ಯಂತ್ರ ಯಾರಿಗೂ ಬೇಕಿಲ್ಲ, ದಾರಿಯುದ್ದಕ್ಕೂ ಮನುಷ್ಯರೇ ನಿಂತಿರುತ್ತಾರೆ.

ಹೀಗೆ ನಿಲ್ಲುವ ಸರದಿ ನನಗೂ ಬಂತು. ಕ್ಲಾಫಮ್, ಬಾಲಮ್, ಟೂಟಿಂಗ್‌ನ ಬಾರುಗಳಿಂದ ಹೊರಬರುವ ಶುಕ್ರವಾರದ ಜನಸಂದಣಿ ದಾಟಿ, ಲಂಡನ್ನನ್ನು ಸುತ್ತುವ 188 ಕಿಲೋಮೀಟರ್ ಉದ್ದದ ಎಂ25 ಹೆದ್ದಾರಿಯನ್ನೂ ದಾಟಿದ ಮೇಲೆ ಬೀದಿದೀಪಗಳು ಮುಗಿಯುತ್ತವೆ. ಸಸೆಕ್ಸ್ ಸೀಮೆಯ ಕಿರಿದಾದ ಹಳ್ಳಿರಸ್ತೆಗಳು, ಎರಡೂ ಬದಿಗೆ ಆಳೆತ್ತರದ ಜೀವಂತ ಬೇಲಿ. ಅಂಥದ್ದೊಂದು ಕವಲಿನಲ್ಲಿ ರಾತ್ರಿ ಎರಡೂವರೆಗೆ ನನ್ನನ್ನು ನಿಲ್ಲಿಸಿ ಮುಂದಾಳು ಹೊರಟುಹೋದರು. ಮೊದಲ ಹತ್ತು ಹನ್ನೆರಡು ಸೈಕಲ್ಲುಗಳು ಸಾಲಾಗಿ ಬಂದವು. ನಾನು ಬಲಗೈ ಚಾಚಿ ತೋರಿಸಿದೆ, ಪ್ರತಿಯೊಬ್ಬರೂ ಥ್ಯಾಂಕ್ಸ್ ಹೇಳಿ ತಿರುಗಿದರು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಎಲ್ಲೋ ಗೂಬೆ ಕೂಗಿತು. ನನ್ನ ಉಸಿರು ನನಗೇ ಕೇಳುವಷ್ಟು ನಿಶ್ಶಬ್ದ. ಒಬ್ಬಂಟಿ ಹೆಂಗಸು, ಗುರುತಿಲ್ಲದ ಕಾಡುದಾರಿ, ನಡುರಾತ್ರಿ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಹಿಂದಿರುವ ಅಷ್ಟೂ ಜನ ನನ್ನ ಕೈ ನೋಡಿಯೇ ತಿರುಗಬೇಕಲ್ಲ ಎಂಬ ಒಂದೇ ಯೋಚನೆ ತಲೆ ತುಂಬಿತ್ತು. ವಾರ್ಡಿನಲ್ಲಿ ರಾತ್ರಿ ಎಚ್ಚರವಿರುವುದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಉಳಿದವರೆಲ್ಲ ಬಂದು ತಿರುಗಿದ ಮೇಲೆ, ಕೊನೆಗೆ ದೂರದಲ್ಲಿ ಎರಡು ದೀಪ ಮೂಡಿದವು. “ನಮ್ಮ ಹಿಂದೆ ಯಾರೂ ಇಲ್ಲ, ಬನ್ನಿ” ಎಂದರು ಚಾರ್ಲಿ. ಮುಂದಿನ ಐದಾರು ಮೈಲಿ ಅವರ ಪಕ್ಕದಲ್ಲೇ ತುಳಿದೆ. ಅಮ್ಮನ ಪ್ರಶ್ನೆಗೆ ಅವರೇ ಉತ್ತರವಾಗಿದ್ದರು, ಸ್ವಲ್ಪ ಹೊತ್ತಿನ ಮಟ್ಟಿಗೆ ನಾನೂ.

ಕತ್ತಲಲ್ಲಿ ಜೋಡಿಯಾಗಿ ತುಳಿಯುವಾಗ ಆಗುವ ಮಾತುಕತೆಯ ಬಗ್ಗೆಯೂ ಹೇಳಬೇಕು. ಪಕ್ಕದವರ ಮುಖ ಕಾಣುವುದಿಲ್ಲ, ಹೆಸರು ಕೇಳಿರುವುದಿಲ್ಲ. ನಡುದಾರಿಯ ಚಹಾ ನಿಲುಗಡೆಯ ನಂತರ ನನ್ನ ಜೊತೆಯಾದ ಹಿರಿಯರೊಬ್ಬರು, ನಾನು ನರ್ಸ್ ಎಂದು ಗೊತ್ತಾದ ಮೇಲೆ, ತಮ್ಮ ಹೆಂಡತಿ ಆಸ್ಪತ್ರೆಯಲ್ಲಿ ಕಳೆದ ಕೊನೆಯ ವಾರವನ್ನು ಪೂರ್ತಿ ಹೇಳಿದರು. ಹಗಲು ಹೊತ್ತಿನಲ್ಲಿ, ಮುಖ ನೋಡುತ್ತ, ಇಂಗ್ಲಿಷರು ಅಪರಿಚಿತರ ಹತ್ತಿರ ಅಷ್ಟು ಬಿಚ್ಚಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಏದುಸಿರು ಬಿಡುತ್ತಿದ್ದರೆ ಅವರು ಹೇಳುತ್ತಲೂ ಇರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಮಾತಿಗೆ ಬಿಡುವು ಕೊಡುವಂಥ ವೇಗ ಬೇಕು. ನಿಧಾನದವರ ವೇಗವೇ ಅದು.

ಜೂನ್ ತಿಂಗಳಲ್ಲಿ ಇಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ಬೆಳಕು ಚೆನ್ನಾಗಿ ಹರಿದ ಮೇಲೆ ಎದುರಾಗುವುದು ಡಿಚ್ಲಿಂಗ್ ಬೀಕನ್. ಸೌತ್ ಡೌನ್ಸ್ ಎಂಬ ಸುಣ್ಣಕಲ್ಲಿನ ಬೆಟ್ಟಸಾಲಿನಲ್ಲಿ 248 ಮೀಟರ್ ಎತ್ತರದ ನೆತ್ತಿ. ನಮ್ಮ ಸಹ್ಯಾದ್ರಿ ಕಂಡವರಿಗೆ ಗುಡ್ಡ ಅನ್ನಿಸೀತು, ಆದರೆ ರಾತ್ರಿಯಿಡೀ ತುಳಿದ ಕಾಲಿಗೆ ಕಡಿದಾದ ಆ ಏರು ಸಾಕೋ ಸಾಕು. ನಾನು ಇಳಿದು ತಳ್ಳಿಕೊಂಡು ಹೋದೆ, ನನ್ನ ಹಿಂದೆ ಮುಂದೆ ಇನ್ನೂ ಅನೇಕರು ತಳ್ಳುತ್ತಿದ್ದರು. ಮೇಲೆ ಚಳಿಗಾಳಿಯಲ್ಲಿ ಕೈ ಉಜ್ಜುತ್ತ ನಿಂತಿದ್ದ ಗಟ್ಟಿಗರಾರೂ ಕೆಳಗಿಳಿಯುವ ಆತುರ ತೋರಿಸಲಿಲ್ಲ. ಕೊನೆಯವರು ಬಂದಾಗ ಸಮುದ್ರ ಕಾಣುವ ಕಡೆಗೆ ಅವರಿಗೆ ಜಾಗ ಬಿಟ್ಟರು. ಅಲ್ಲಿಂದ ಬ್ರೈಟನ್ನಿಗೆ ಇಳಿಜಾರು. ಮರಳಿಲ್ಲದ, ಬರೀ ಬೆಣಚುಕಲ್ಲಿನ ದಂಡೆ, 1899ರಲ್ಲಿ ತೆರೆದ ಪ್ಯಾಲೆಸ್ ಪಿಯರ್, 2003ರಲ್ಲಿ ಸುಟ್ಟು ಅಸ್ಥಿಪಂಜರವಾಗಿ ನೀರಲ್ಲಿ ನಿಂತ ವೆಸ್ಟ್ ಪಿಯರ್. ಬಿಸಿ ಚಹಾ, ಮೊಟ್ಟೆ, ಬೀನ್ಸ್. ಆಮೇಲೆ ಸೈಕಲ್ಲನ್ನು ರೈಲಿನೊಳಗೆ ತಳ್ಳಿಕೊಂಡು ವಾಪಸು.

ಈ ದಾರಿಗೆ ಹಳೆಯ ಕಥೆಯೊಂದಿದೆ. 1869ರ ಫೆಬ್ರವರಿಯಲ್ಲಿ, ಸೈಕಲ್ಲಿನ ಪೂರ್ವಜನಾದ ವೆಲಾಸಿಪೀಡ್ ಏರಿ ಜಾನ್ ಮೇಯಲ್, ಚಾರ್ಲ್ಸ್ ಸ್ಪೆನ್ಸರ್, ರೌಲಿ ಟರ್ನರ್ ಎಂಬ ಮೂವರು ಲಂಡನ್ನಿನಿಂದ ಬ್ರೈಟನ್ನಿಗೆ ಹೊರಟರು. ಉಳಿದಿಬ್ಬರು ಹಿಂದೆ ಬಿದ್ದರು, ಮೇಯಲ್ ಒಬ್ಬರೇ ಮುಂದೆ ಹೋಗಿ ಊರು ಮುಟ್ಟಿದರು. ಪತ್ರಿಕೆಗಳು ಅವರ ಸಾಹಸವನ್ನು ಹೊಗಳಿದವು. ಸೈಕಲ್ ಲೋಕ ಅಂದಿನಿಂದ ಇಂದಿನವರೆಗೆ ಹೆಚ್ಚಾಗಿ ನೆನೆಯುತ್ತ ಬಂದದ್ದು ಹೀಗೆ ಮೊದಲು ಮುಟ್ಟಿದವರನ್ನೇ.

ಬೇರೆ ಬಗೆಯ ರಾತ್ರಿ ಸವಾರಿಗಳೂ ಇವೆ, ಅವನ್ನು ಕೀಳು ಮಾಡುವುದು ನನ್ನ ಉದ್ದೇಶವಲ್ಲ. 1990ರ ದಶಕದ ಆರಂಭದಿಂದ ನಡೆಯುತ್ತಿರುವ ಡನ್ವಿಚ್ ಡೈನಮೊ ಅಂಥದ್ದು. ಜುಲೈ ಹುಣ್ಣಿಮೆಯ ಆಸುಪಾಸಿನ ಶನಿವಾರ ರಾತ್ರಿ ಪೂರ್ವ ಲಂಡನ್ನಿನ ಲಂಡನ್ ಫೀಲ್ಡ್ಸ್ ಮೈದಾನದಿಂದ ಹೊರಟು, ಸುಮಾರು 180 ಕಿಲೋಮೀಟರ್ ತುಳಿದು, ಸಫೊಕ್ ತೀರದ ಡನ್ವಿಚ್ ಸೇರುತ್ತಾರೆ. ಮಧ್ಯಯುಗದಲ್ಲಿ ದೊಡ್ಡ ಬಂದರಾಗಿದ್ದು, ಕಡಲು ಕೊರೆದು ಕೊರೆದು ಹೆಚ್ಚುಕಡಿಮೆ ಪೂರ್ತಿ ನುಂಗಿಹಾಕಿದ ಊರದು. ಹೆಸರು ನೋಂದಾಯಿಸುವುದಿಲ್ಲ, ಶುಲ್ಕವಿಲ್ಲ, ಯಾರು ಬೇಕಾದರೂ ಬರಬಹುದು. ಆದರೆ ಹಿಂದುಳಿದವರನ್ನು ನೋಡಿಕೊಳ್ಳಲು ಗೊತ್ತುಮಾಡಿದವರೂ ಇಲ್ಲ. ಹಾಗೆಯೇ ಫ್ರಾನ್ಸಿನಲ್ಲಿ ಹುಟ್ಟಿದ ಬ್ರೆವೆ ಸವಾರಿಗಳು, 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಯ ಗಡುವು, ಅವರವರ ಹೊಣೆ ಅವರವರದೇ. ಬೆಂಗಳೂರಿನಲ್ಲೂ ಇಂಥ ಬ್ರೆವೆ ಸವಾರರಿದ್ದಾರೆ, ಅವರ ಗಟ್ಟಿತನಕ್ಕೆ ನನ್ನ ನಮಸ್ಕಾರ. ಆ ಸವಾರಿಗಳು ಹೊರಡುವ ಮುಂಚೆಯೇ ತಮ್ಮ ಷರತ್ತನ್ನು ಬಾಯಿಬಿಟ್ಟು ಹೇಳುತ್ತವೆ. ನನ್ನ ತಕರಾರು, ಎಲ್ಲರೂ ಬನ್ನಿ, ಖುಷಿಯಾಗಿ ಹೋಗೋಣ ಎಂದು ಕರೆದು, ನಂತರ ಓಟಕ್ಕೆ ಇಳಿಯುವ ಸವಾರಿಗಳ ಬಗ್ಗೆ.

ನನ್ನ ತಮ್ಮನ ಮಗಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ಸಂಬಳ ಕೂಡಿಟ್ಟು ಸೈಕಲ್ ಕೊಂಡು, ನಂದಿ ಬೆಟ್ಟಕ್ಕೆ ಹೊರಟ ಗುಂಪೊಂದರ ಜೊತೆ ಬೆಳಗಿನ ಜಾವದ ಕತ್ತಲಲ್ಲಿ ಹೋದಳು. ಹೊಸಬರಿಗೂ ಸ್ವಾಗತ ಎಂದೇ ಕರೆದಿದ್ದರು. ಹೆಬ್ಬಾಳ ದಾಟುವಷ್ಟರಲ್ಲಿ ಗುಂಪು ಕಣ್ಮರೆ. “ಅತ್ತೆ, ಅವ್ರು ಬೆಟ್ಟದ ಮೇಲೆ ತೆಗೆದ ಫೋಟೊ ಗ್ರೂಪಿಗೆ ಬಂದಾಗ ನಾನಿನ್ನೂ ದೇವನಹಳ್ಳಿ ಹತ್ರ ಇದ್ದೆ. ನಾನು ಎಲ್ಲಿದ್ದೀನಿ ಅಂತ ಒಬ್ರೂ ಕೇಳಿಲ್ಲ” ಎಂದಳು. ಹೆದ್ದಾರಿಯ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಲಾರಿಗಳ ನಡುವೆ ಒಬ್ಬಳೇ ಹಿಂತಿರುಗಿದ್ದಾಳೆ. ಆ ಸೈಕಲ್ ಈಗ ಬಾಲ್ಕನಿಯಲ್ಲಿದೆ, ಅದರ ಮೇಲೆ ಬಟ್ಟೆ ಒಣಗುತ್ತವೆ.

ಹೆಂಗಸರು ರಾತ್ರಿ ಸವಾರಿಗೆ ಬರುವುದಿಲ್ಲ, ವಯಸ್ಸಾದವರು ಬರುವುದಿಲ್ಲ ಎಂದು ಸಂಘಟಕರು ಹೇಳುವುದನ್ನು ಕೇಳಿದ್ದೇನೆ. ಬಂದವರು ಎರಡನೇ ಸಲ ಯಾಕೆ ಬರಲಿಲ್ಲ ಎಂದು ಅವರು ವಿಚಾರಿಸಲಿ. ಒಂದು ಸಲ ಒಂಟಿಯಾಗಿ ಬಿಟ್ಟುಬಂದ ಗುಂಪಿಗೆ ಯಾವ ಹೆಣ್ಣುಮಗಳೂ ಮರಳಿ ಬರುವುದಿಲ್ಲ. ಅವಳ ಮನೆಯವರು ಕಳಿಸುವುದೂ ಇಲ್ಲ.

ಬೆಂಗಳೂರಿನಿಂದ ಕಡಲಿಗೆ ಒಂದು ರಾತ್ರಿಯಲ್ಲಿ ಹೋಗಿ ಎಂದು ನಾನು ಹೇಳುವುದಿಲ್ಲ. ಮಂಗಳೂರಿಗೆ ಸುಮಾರು 350 ಕಿಲೋಮೀಟರ್, ನಡುವೆ ಟ್ಯಾಂಕರುಗಳು ಸಾಲುಗಟ್ಟುವ ಶಿರಾಡಿ ಘಾಟಿ. ಕತ್ತಲಲ್ಲಿ ಅದು ಸೈಕಲ್ಲಿನ ದಾರಿಯೇ ಅಲ್ಲ. ಲಂಡನ್ನಿನವರ ದೂರವನ್ನಾಗಲಿ, ಗುರಿಯನ್ನಾಗಲಿ ನಕಲು ಮಾಡಬೇಕಿಲ್ಲ. ಮೂವತ್ತು ನಲವತ್ತು ಕಿಲೋಮೀಟರ್ ಸಾಕು. ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿಯಿರಿ. ಹುಣ್ಣಿಮೆ ನೋಡಿಕೊಂಡು ಹೊರಡಿ. ಸೂರ್ಯ ಮುಳುಗಿದ ಮೇಲೆ ಸೈಕಲ್ಲಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕೆಂದು ಇಂಗ್ಲೆಂಡಿನಲ್ಲಿ ಕಾನೂನಿದೆ. ನಮ್ಮಲ್ಲಿ ಬಳಗಗಳೇ ಆ ಶಿಸ್ತನ್ನು ತಂದುಕೊಳ್ಳಬಹುದು, ದೀಪವಿಲ್ಲದವರಿಗೆ ಕೊಡಲು ಒಂದೆರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಬಹುದು. ಮರಳುವಾಗ ಸೈಕಲ್ಲನ್ನು ಬ್ರೇಕ್ ವ್ಯಾನಿಗೆ ಬುಕ್ ಮಾಡಿ ಕಾಯುವ ಬದಲು ಜೊತೆಯಲ್ಲೇ ಒಯ್ಯುವಂತೆ, ವಾರಾಂತ್ಯದ ಬೆಳಗಿನ ಪ್ಯಾಸೆಂಜರ್ ರೈಲುಗಳಲ್ಲಿ ಜಾಗ ಕೊಡಿ ಎಂದು ರೈಲ್ವೆಯನ್ನು ಕೇಳುವುದೂ ನ್ಯಾಯವಾದ ಬೇಡಿಕೆ.

ಅದಕ್ಕೆಲ್ಲ ಸಮಯ ಹಿಡಿದೀತು. ನಾನು ಹೇಳಿದ ಕಟ್ಟಳೆಗೆ ಮಾತ್ರ ಹಣ ಬೇಡ, ಅನುಮತಿ ಬೇಡ. ಸವಾರಿ ಕಟ್ಟುವವರೇ, ಮುಂದಿನ ಭಾನುವಾರ ಹೊರಡುವ ಮುಂಚೆ ನಿಮ್ಮಲ್ಲಿ ಬಲವಾದ ಇಬ್ಬರನ್ನು ಎಲ್ಲರ ಹಿಂದೆ ಬರಲು ನೇಮಿಸಿ. ಪ್ರತಿ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ, ಹೊಸಬರಿಗೂ ಆ ಸರದಿ ಕೊಡಿ. ಕೊನೆಯವರು ಬಂದು, ನೀರು ಕುಡಿದು, ದಣಿವಾರಿಸಿಕೊಂಡ ಮೇಲೆ ಫೋಟೊ ತೆಗೆಯಿರಿ. ಇಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಅದನ್ನು ರೇಸ್ ಎಂದೇ ಕರೆಯಿರಿ, ಹೊಸಬರನ್ನು ಕರೆಯಬೇಡಿ.