ಮಂಗಳ ಹಾಡದ ಧಾರಾವಾಹಿಗಳು



ತಬೂಕ್‌ನಲ್ಲಿ ನಾಲ್ಕು ಕನ್ನಡಿಗರು ಸೇರಿದರೆ ಮಾತು ಮೂರು ವಿಷಯಕ್ಕೆ ಬಂದು ನಿಲ್ಲುತ್ತದೆ: ಇಕಾಮಾ, ವಿಮಾನದ ಟಿಕೆಟ್ ದರ ಮತ್ತು ಧಾರಾವಾಹಿ. ಮೊದಲಿನ ಎರಡನ್ನು ಬಲ್ಲವರಿಗೆ ಬಿಟ್ಟು ಮೂರನೆಯದರ ಬಗ್ಗೆ ಒಂದಿಷ್ಟು ಬರೆಯೋಣ ಎನಿಸಿತು. "ಶುರುವಿನಲ್ಲಿ ಎಷ್ಟು ಚೆನ್ನಾಗಿತ್ತು ಮಾರಾಯ್ರೆ, ಈಗ ಯಾಕೆ ಹೀಗೆ?" ಎಂಬ ಪ್ರಶ್ನೆ ಪ್ರತಿಯೊಂದು ಹಿಟ್ ಧಾರಾವಾಹಿಗೂ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬೈದುಕೊಳ್ಳುತ್ತಲೇ ಮಾರನೆಯ ದಿನ ಮತ್ತೆ ನೋಡುತ್ತೇವೆ, ಅದು ಬೇರೆ ವಿಷಯ!

ಸಾಮಾನ್ಯವಾಗಿ ನಾವು ಬೈಯುವುದು ನಿರ್ದೇಶಕರನ್ನು, ಇಲ್ಲವೇ ಬರೆಯುವವರನ್ನು. "ಅವರ ಸರಕು ಮುಗಿಯಿತು" ಎನ್ನುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಸರಕು ಮುಗಿಯುವುದು ಸಹಜ, ಕಥೆ ಎಂದ ಮೇಲೆ ಮುಗಿಯಲೇಬೇಕು. ತೊಂದರೆ ಇರುವುದು, ಮುಗಿದ ಕಥೆಯನ್ನು ಮುಗಿಯಲು ಬಿಡದಿರುವುದರಲ್ಲಿ.

ಸ್ವಲ್ಪ ಲೆಕ್ಕ ಹಾಕೋಣ. ವಾರಕ್ಕೆ 5 ಕಂತು, ಜಾಹೀರಾತು ಬಿಟ್ಟು ಒಂದೊಂದು ಸುಮಾರು 22 ನಿಮಿಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 260 ಕಂತು, ಅಂದರೆ 95 ಗಂಟೆ. ಎರಡೂವರೆ ಗಂಟೆಯ ಸಿನಿಮಾ ಲೆಕ್ಕದಲ್ಲಿ ಇದು 38 ಸಿನಿಮಾ! ಒಂದೇ ಕುಟುಂಬದ ಮೇಲೆ, ಅದೇ ಅತ್ತೆ, ಅದೇ ಸೊಸೆ, ಅದೇ ಹಾಲ್‌ನ ಸೋಫಾ ಇಟ್ಟುಕೊಂಡು ವರ್ಷಕ್ಕೆ 38 ಸಿನಿಮಾ ಬರೆಯಿರಿ ಎಂದರೆ ಯಾವ ಪುಣ್ಯಾತ್ಮ ಬರೆದಾನು? ಆಗ ಒಂದು ಮಾತಿಗೆ ಆರು ಜನರ ಮುಖವನ್ನು ಮೂರು ಮೂರು ಸಲ ತೋರಿಸುವುದು, ಹಿಂದೆ ಗುಡುಗಿನ ಸದ್ದು ಹಾಕುವುದು ಅನಿವಾರ್ಯವಾಗುತ್ತದೆ. ಇಷ್ಟಾದರೂ ಇದನ್ನು ಸಹಿಸಬಹುದು. ನಿಜವಾದ ಹಾನಿ ಬೇರೆ ಕಡೆ ಇದೆ.

ಒಳ್ಳೆಯ ಕಥೆಯ ಹೊಟ್ಟೆಯಲ್ಲಿ ಒಂದು ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರ ಸಿಕ್ಕ ದಿನ ಕಥೆ ಮುಗಿಯಿತು. ಆದರೆ ಟಿಆರ್‌ಪಿ ಮೇಲೆ ಇದ್ದಾಗ ವಾಹಿನಿ ಮುಗಿಸಲು ಬಿಡುವುದಿಲ್ಲ. ಜಾಹೀರಾತು ಬರುತ್ತಿರುವ ಸ್ಲಾಟನ್ನು ಕೈಯಾರೆ ಯಾರು ಕೆಡಿಸಿಕೊಳ್ಳುತ್ತಾರೆ? ಹೊಸ ಧಾರಾವಾಹಿ ಗೆಲ್ಲುತ್ತದೆ ಎಂಬ ಭರವಸೆಯೂ ಇಲ್ಲ. ಆಗ ಬರೆಯುವವರಿಗೆ ಉಳಿಯುವುದು ಒಂದೇ ದಾರಿ: ಕೊಟ್ಟ ಉತ್ತರವನ್ನು ಅಳಿಸುವುದು. ಮದುವೆಯಾದವರಿಗೆ ಮರೆವು ಬರುತ್ತದೆ, ಸತ್ತವರು ಎದ್ದು ಬರುತ್ತಾರೆ, ಒಂದೇ ಮುಖದ ಇನ್ನೊಬ್ಬರು ಹುಟ್ಟಿಕೊಳ್ಳುತ್ತಾರೆ, ಒಳ್ಳೆಯವಳಾದ ಅತ್ತೆ ಮತ್ತೆ ಕೆಟ್ಟವಳಾಗುತ್ತಾಳೆ. ಒಮ್ಮೆ ಅಳಿಸಲು ಶುರುವಾಯಿತೆಂದರೆ ನೋಡುವವರಿಗೆ ಯಾವುದರ ಮೇಲೂ ನಂಬಿಕೆ ಉಳಿಯುವುದಿಲ್ಲ. ಸಾವಿಗೂ ಬೆಲೆಯಿಲ್ಲ, ಕಣ್ಣೀರಿಗೂ ಬೆಲೆಯಿಲ್ಲ.

ನಮ್ಮ ಕಣ್ಣೆದುರಿನ ಉದಾಹರಣೆ 'ಜೊತೆ ಜೊತೆಯಲಿ'. ಮರಾಠಿಯ 'ತುಲಾ ಪಾಹತೇ ರೇ' ಇದರ ಮೂಲ. ಮರಾಠಿಯಲ್ಲಿ ಅದು 2018ರ ಆಗಸ್ಟ್‌ನಲ್ಲಿ ಶುರುವಾಗಿ 2019ರ ಜುಲೈನಲ್ಲಿ, ಅಂದರೆ ವರ್ಷ ತುಂಬುವ ಮೊದಲೇ, ಮುಗಿಯಿತು. ಅದೇ ಕಥೆ ಕನ್ನಡದಲ್ಲಿ 2019ರ ಸೆಪ್ಟೆಂಬರ್‌ನಿಂದ 2023ರ ಮೇವರೆಗೆ ಓಡಿತು! ಮಧ್ಯವಯಸ್ಸಿನ ಆರ್ಯವರ್ಧನ್ ಮತ್ತು ಮಧ್ಯಮವರ್ಗದ ಹುಡುಗಿ ಅನು ಸಿರಿಮನೆಯ ಪ್ರೀತಿಯನ್ನು ಮೊದಮೊದಲು ಎಷ್ಟು ಮನೆಗಳು ಕಾದು ಕೂತು ನೋಡಲಿಲ್ಲ! ಒಂದು ವರ್ಷದ ಕಥೆಯನ್ನು ಮೂರೂವರೆ ವರ್ಷಕ್ಕೆ ಎಳೆದಾಗ ಆಗುವುದೇ ಆಯಿತು. 2022ರ ಆಗಸ್ಟ್‌ನಲ್ಲಿ ವಿವಾದವಾಗಿ ನಾಯಕ ಅನಿರುದ್ಧ್ ಹೊರಗೆ ಹೋದರು, ಹರೀಶ್ ರಾಜ್ ಬಂದರು, ಇಡೀ ಕಥೆಯನ್ನು ಹೊಸ ಮುಖಕ್ಕೆ ಹೊಂದಿಸಬೇಕಾಯಿತು. ವರ್ಷಕ್ಕೇ ಮುಗಿದಿದ್ದರೆ ಆ ಪಾಡು ಬರುತ್ತಲೇ ಇರಲಿಲ್ಲ.

'ಪುಟ್ಟಗೌರಿ ಮದುವೆ' ನೋಡಿ. ಹಿಂದಿಯ 'ಬಾಲಿಕಾ ವಧು'ವಿನ ದಾರಿಯಲ್ಲಿ 2012ರಲ್ಲಿ ಕನ್ನಡಕ್ಕೆ ಬಂದ ಬಾಲ್ಯವಿವಾಹದ ಕಥೆ. ಎಳೆಯ ಹುಡುಗಿಗೆ ತನ್ನ ಬದುಕು ತನಗೆ ಸಿಗುತ್ತದೆಯೇ ಎಂಬ ದೊಡ್ಡ ಪ್ರಶ್ನೆ ಅದರಲ್ಲಿತ್ತು. ಹುಡುಗಿ ಬೆಳೆದಳು, ಪ್ರಶ್ನೆ ಹಿಂದೆ ಬಿತ್ತು. ಕೊನೆಗೆ ಪ್ರಪಾತಕ್ಕೆ ಬಿದ್ದರೂ ಬದುಕಿ ಕಾಡುಪಾಲಾದ ಗೌರಿಯನ್ನು ಜನ ಟ್ರೋಲ್ ಮಾಡಿ ನಕ್ಕರು. ಅಳಿಸಿದ್ದ ಕಥೆಯೇ ನಗೆಪಾಟಲಾಯಿತಲ್ಲ, ಅದು ಬೇಸರದ ಸಂಗತಿ.

ಇದು ನಮ್ಮ ಜನರ ರೋಗ ಮಾತ್ರ ಎಂದುಕೊಳ್ಳಬೇಡಿ. ನಿಮ್ಮ ಆಫೀಸಿನ ಸಿರಿಯಾ, ಜೋರ್ಡಾನ್ ಮಿತ್ರರನ್ನು 'ಬಾಬ್ ಅಲ್ ಹಾರಾ' ಬಗ್ಗೆ ಕೇಳಿ ನೋಡಿ. ಹಳೆಯ ಡಮಾಸ್ಕಸ್‌ನ ಒಂದು ಕೇರಿಯ ಕಥೆ, 2006ರ ರಂಜಾನ್‌ನಲ್ಲಿ ಶುರುವಾಗಿ ಅರಬ್ ದೇಶಗಳ ಮನೆಮನೆಯನ್ನೂ ಗೆದ್ದಿತ್ತು. ಮೂರನೆಯ ಭಾಗದ ನಂತರ ಕೇರಿಯ ಹಿರಿಯ ಅಬೂ ಇಸಾಮ್ ಸತ್ತನೆಂದು ಹೇಳಿದರು. 2014ರ ಆರನೆಯ ಭಾಗದಲ್ಲಿ ಅದೇ ಅಬೂ ಇಸಾಮ್ ಜೀವಂತ ವಾಪಸ್! ಬೆಂಗಳೂರಾಗಲಿ ಡಮಾಸ್ಕಸ್ ಆಗಲಿ, ಅಳಿಸುವ ರಬ್ಬರ್ ಒಂದೇ.

ಹಾಗಾದರೆ ಉದ್ದವೇ ತಪ್ಪೇ? ಇಲ್ಲ. ಸೌದಿಯವರದೇ 'ತಾಶ್ ಮಾ ತಾಶ್' 1993ರಿಂದ 2011ರವರೆಗೆ 18 ಸೀಸನ್ ನಡೆಯಿತು, 2023ರಲ್ಲಿ ಮತ್ತೆ ಬಂತು. ಅದು ವರ್ಷಕ್ಕೊಮ್ಮೆ ರಂಜಾನ್‌ನಲ್ಲಿ ಮಾತ್ರ ಬರುತ್ತಿತ್ತು, ಒಂದೊಂದು ರಾತ್ರಿಗೆ ಒಂದೊಂದು ಬೇರೆ ಕಥೆ. ನಮ್ಮ ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' 39 ಕಂತು. ಈಗಿನ ಲೆಕ್ಕದಲ್ಲಿ ಎರಡು ತಿಂಗಳಿಗೂ ಸಾಲದು. ಆದರೂ ಸ್ವಾಮಿ ಇಂದಿಗೂ ನೆನಪಿದ್ದಾನೆ. ದಿನವಹಿ ಧಾರಾವಾಹಿಯಾದರೂ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ'ವನ್ನು ಜನ ಎಷ್ಟು ಮನಸ್ಸಿನಲ್ಲಿಟ್ಟುಕೊಂಡರೆಂದರೆ, 2022ರಲ್ಲಿ 'ಮತ್ತೆ ಮಾಯಾಮೃಗ' ಎಂದೇ ಬಂತು.

ಇಷ್ಟಕ್ಕೂ ನಮಗೆ ಇದು ಹೊಸ ಪಾಠವಲ್ಲ. ಕರಾವಳಿಯವರಿಗೆ ಗೊತ್ತು, ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಎಷ್ಟೇ ದೊಡ್ಡ ವೇಷಧಾರಿ ಇರಲಿ, ಎಷ್ಟೇ ಚಪ್ಪಾಳೆ ಬೀಳಲಿ, ಬೆಳಗಾಗುವ ಹೊತ್ತಿಗೆ ಭಾಗವತರು ಮಂಗಳ ಹಾಡುತ್ತಾರೆ. ಆಟ ಮುಗಿಯುತ್ತದೆಂದು ಗೊತ್ತಿದ್ದುದಕ್ಕೇ ಜನ ನಿದ್ದೆ ಬಿಟ್ಟು ಕೂರುತ್ತಿದ್ದರು. ಟಿವಿಯಲ್ಲಿ ಮಂಗಳ ಹಾಡುವ ಭಾಗವತರೇ ಇಲ್ಲ!

"ಹೋಗಲಿ ಬಿಡಿ, ಟೈಮ್ ಪಾಸ್" ಎನ್ನಬಹುದು. ಊರಿನಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಅಲ್ಲಿ ಧಾರಾವಾಹಿ ಕೆಟ್ಟರೆ ಅಜ್ಜಿ ಇದ್ದಾರೆ, ಬಸ್ ಸ್ಟ್ಯಾಂಡ್ ಇದೆ, ಪಕ್ಕದ ಮನೆ ಇದೆ, ಕನ್ನಡ ಎಲ್ಲೆಲ್ಲೂ ಕಿವಿಗೆ ಬೀಳುತ್ತದೆ. ಇಲ್ಲಿ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರ ಜೊತೆ ಹಿಂದಿ, ಅಂಗಡಿಯಲ್ಲಿ ಅರಬಿ. ಅಪ್ಪ ಅಮ್ಮನ ಬಾಯಿ ಬಿಟ್ಟರೆ ಕನ್ನಡ ಕೇಳುವುದು ಆ ಪರದೆಯಿಂದಲೇ. ಊರಿನ ರಾತ್ರಿ ಎಂಟೂವರೆಯ ಕಂತು ಇಲ್ಲಿ ಸಂಜೆ ಆರಕ್ಕೆ, ಮಕ್ಕಳು ಹೋಂವರ್ಕ್ ಹಿಡಿದು ಪಕ್ಕದಲ್ಲೇ ಕೂತಿರುವ ಹೊತ್ತು. ಕಥೆ ಇದ್ದಾಗ ಅವರು ಕಲಿಯುವುದು ಕಥೆಯ ಕನ್ನಡ: ಗಾದೆ, ತಮಾಷೆ, ಪ್ರೀತಿಯ ಮಾತು. ಎಳೆತ ಶುರುವಾದ ಮೇಲೆ ಕೇಳುವುದು ಶಾಪ, ಸವಾಲು ಮತ್ತು "ನಿನ್ನನ್ನು ಸುಮ್ಮನೆ ಬಿಡಲ್ಲ". ಕನ್ನಡ ಎಂದರೆ ಇಷ್ಟೇ ಎಂದು ಅವರು ತೀರ್ಮಾನಿಸಿದರೆ ತಪ್ಪು ಯಾರದು?

ಟಿಆರ್‌ಪಿ ಅಳೆಯುವ ಪೆಟ್ಟಿಗೆ ಇರುವುದು ಭಾರತದ ಮನೆಗಳಲ್ಲಿ. ತಬೂಕ್‌ನ ನಮ್ಮನ್ನು ಅದರಲ್ಲಿ ಯಾರೂ ಎಣಿಸುವುದಿಲ್ಲ. ಅದನ್ನೇ ಲಾಭ ಮಾಡಿಕೊಳ್ಳೋಣ. ನಾವು ನಿಲ್ಲಿಸಿದರೆ ಯಾವ ಕಲಾವಿದರ ಹೊಟ್ಟೆಗೂ ಹೊಡೆತವಿಲ್ಲ, ಮುಂದುವರಿಸಬೇಕೆಂಬ ಹಂಗೂ ಇಲ್ಲ. ನನ್ನ ಸಲಹೆ ಸರಳ: ಧಾರಾವಾಹಿ ತಾನು ಕೊಟ್ಟ ಉತ್ತರವನ್ನು ತಾನೇ ಅಳಿಸಿದ ದಿನ ನಿಮ್ಮ ಮನೆಯಲ್ಲಿ ನೀವೇ ಮಂಗಳ ಹಾಡಿಬಿಡಿ. "ಈ ಕಥೆ ಇಲ್ಲಿಗೆ ಮುಗಿಯಿತು" ಎಂದು ಮಕ್ಕಳಿಗೆ ಹೇಳಿ, ಆ ಅರ್ಧ ಗಂಟೆ ಊರಿನ ಅಜ್ಜಿಗೆ ವೀಡಿಯೋ ಕಾಲ್ ಮಾಡಿಸಿ. ಅಜ್ಜಿಯ ಕಥೆ ಚಿಕ್ಕದು, ಮುಗಿಯುತ್ತದೆ, ನಾಳೆಗೆ ಇನ್ನೊಂದು ಇರುತ್ತದೆ.

ಏನಂತೀರಿ? ನಿಮ್ಮ ಮನೆಯಲ್ಲಿ ಯಾವ ಧಾರಾವಾಹಿಗೆ ಯಾವಾಗ ಮಂಗಳ ಹಾಡಬೇಕಿತ್ತು ಎಂದು ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಜಗಳ ಮುಂದುವರಿಸೋಣ. ಅದಕ್ಕೂ ಎರಡೇ ಕಂತು, ಅದಕ್ಕಿಂತ ಹೆಚ್ಚಿಲ್ಲ!

ಸಿರಿಗನ್ನಡಂ ಗೆಲ್ಗೆ.