ಹಾರ್ಟ್ ಎಮೋಜಿ ಸಾಕು, ಸ್ವಲ್ಪ ಕಿವಿ ಕೊಡಿ

ಗೆಳೆಯರೇ, ಸ್ವಲ್ಪ ಕಟುವಾಗಿಯೇ ಬರೀತಿದ್ದೀನಿ. ಬೇಜಾರಾದ್ರೆ ಕಮೆಂಟಿನಲ್ಲಿ ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ.

ನಮ್ಮ ಗಡಿ ತಾಲ್ಲೂಕುಗಳ ಹುಡುಗ ಹುಡುಗಿಯರು ಮನೆಯಲ್ಲೇ ಕೂತು ಕನ್ನಡದಲ್ಲಿ ರಾಕ್ ಹಾಡು ರೆಕಾರ್ಡ್ ಮಾಡಿ ಹಾಕ್ತಿದ್ದಾರೆ. ಒಂದು ಗಿಟಾರು, ಒಂದು ಮೊಬೈಲು, ಅದೃಷ್ಟ ಇದ್ರೆ ಹಳೇ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಿಗೋ ಆಡಾಸಿಟಿ. ಜೊತೆಗೆ ಒಂದೇ ಸಾಲು: "ಕೇಳಿ, ಹೇಗಿದೆ ಅಂತ ಪ್ರಾಮಾಣಿಕವಾಗಿ ಹೇಳಿ." ನಾವು ಏನ್ ಮಾಡ್ತೀವಿ? ಇಪ್ಪತ್ತು ಸೆಕೆಂಡ್ ಕೇಳಿ ಒಂದು ಹಳದಿ ಹಾರ್ಟು, ಒಂದು ಕೆಂಪು ಹಾರ್ಟು, "ಸೂಪರ್ ಮಗಾ", "ಗಡಿನಾಡ ಹೆಮ್ಮೆ", "ಜೈ ಭುವನೇಶ್ವರಿ". ಮುಗೀತು. ನಾಲ್ಕು ನಿಮಿಷದ ಹಾಡಾದ್ರೆ ಉಳಿದ ಮೂರು ನಿಮಿಷ ನಲವತ್ತು ಸೆಕೆಂಡನ್ನ ಯಾರೂ ಕೇಳೇ ಇಲ್ಲ.

ಇದನ್ನ ನಾವು ಪ್ರೋತ್ಸಾಹ ಅಂತ ಕರೀತೀವಿ. ನನ್ನ ಪ್ರಕಾರ ಇದು ಸೋಮಾರಿತನ. ಅವರು ಕೇಳಿದ್ದು ಅಭಿಪ್ರಾಯ, ನಾವು ಕೊಟ್ಟಿದ್ದು ಘೋಷಣೆ.

ನಾನು ಬ್ಯಾಂಕ್ ಗುಮಾಸ್ತ. ಕೌಂಟರಿನಲ್ಲಿ ನಾನು ಎಣಿಸಿ ಕೊಟ್ಟ ಹಣವನ್ನ ಗಿರಾಕಿ ನನ್ನ ಎದುರೇ ಮತ್ತೆ ಎಣಿಸ್ತಾರೆ. ನನಗೂ ಬೇಜಾರಿಲ್ಲ, ಅವರಿಗೂ ಸಂಕೋಚ ಇಲ್ಲ, ಯಾಕಂದ್ರೆ ಹಣಕ್ಕೆ ಬೆಲೆ ಇದೆ ಅಂತ ಇಬ್ಬರಿಗೂ ಗೊತ್ತು. ಎಣಿಸದೆ ಜೇಬಿಗೆ ಹಾಕೋದು ಚಿಲ್ಲರೆಯನ್ನ ಮಾತ್ರ. ನಮ್ಮ ಹುಡುಗರ ಹಾಡನ್ನ ನಾವು ಚಿಲ್ಲರೆ ಥರ ಜೇಬಿಗೆ ಹಾಕ್ಕೊಳ್ತಿದ್ದೀವಿ.

ಬೆಂಗಳೂರಿನ ಬ್ಯಾಂಡಿಗೆ ಇದರಿಂದ ಅಷ್ಟು ನಷ್ಟ ಇಲ್ಲ. ಅಲ್ಲಿ ಜ್ಯಾಮ್ ರೂಮ್ ಇದೆ, ಪಬ್ ವೇದಿಕೆ ಇದೆ, ನಾಲ್ಕು ಬ್ಯಾಂಡಿಗೆ ಕೆಲಸ ಮಾಡಿದ ಸೌಂಡ್ ಇಂಜಿನಿಯರ್ ಸಿಗ್ತಾನೆ. ಅಕ್ಕಲಕೋಟೆಯ ಹುಡುಗನಿಗೆ, ತಾಳವಾಡಿಯ ಹುಡುಗಿಗೆ ಏನಿದೆ? ಹತ್ತಿರದ ಸ್ಟುಡಿಯೋಗೆ ಹೋದ್ರೆ ಅಲ್ಲಿ ಕೂತವರಿಗೆ ಕನ್ನಡದ ಪದ ಸರಿ ಕೇಳಿಸ್ತಾ ಇಲ್ವಾ ಅನ್ನೋದೇ ಗೊತ್ತಾಗಲ್ಲ. ಮನೆಯವರಿಗೆ ಕನ್ನಡ ಗೊತ್ತು, ರಾಕ್ ಗೊತ್ತಿಲ್ಲ. ಕಾಲೇಜಿನ ಗೆಳೆಯರಿಗೆ ರಾಕ್ ಗೊತ್ತು, ಕನ್ನಡ ಗೊತ್ತಿಲ್ಲ. ಎರಡೂ ಗೊತ್ತಿರೋ ಕಿವಿ ಇರೋದು ಈ ಪೇಜ್ ಓದೋ ನಮ್ಮಂಥವರಿಗೆ. ನಾವೂ ಕೈ ಬಿಟ್ರೆ ಮುಗೀತು. ಅದೇ ಬ್ಯಾಂಡ್ ನಾಳೆ ಮರಾಠಿಯಲ್ಲೋ ಮಲಯಾಳಂನಲ್ಲೋ ಇಂಗ್ಲಿಷಿನಲ್ಲೋ ಹಾಡು ಮಾಡಿದ್ರೆ ಪಕ್ಕದ ಬೆಂಚಿನವನು "ಎರಡನೇ ಚರಣ ಎಳೀತಿದೆ ಕಣೋ, ಕಟ್ ಮಾಡು" ಅಂತಾನೆ. ಎರಡು ವರ್ಷದಲ್ಲಿ ಯಾವ ಭಾಷೆಯ ಹಾಡು ಚೆನ್ನಾಗಿರುತ್ತೆ? ಆಮೇಲೆ "ನಮ್ಮ ಹುಡುಗರು ಕನ್ನಡದಲ್ಲಿ ಹಾಡಲ್ಲ" ಅಂತ ನಾವೇ ಇನ್ನೊಂದು ಪೋಸ್ಟ್ ಹಾಕ್ತೀವಿ!

ಹಾರ್ಟ್ ಹಾಕೋರದು ಒಂದು ಗುಂಪಾದ್ರೆ ಇನ್ನೊಂದು ಗುಂಪು ಇನ್ನೂ ಕೆಟ್ಟದು: ಉಚ್ಚಾರಣೆಯ ಪೊಲೀಸರು. ಸೊಲ್ಲಾಪುರದವನು "ಬ್ಯಾಡ" ಅಂದ್ರೆ "ಬೇಡ ಅನ್ನು" ಅಂತಾರೆ. ಕಾಸರಗೋಡಿನವಳು "ಎಂತ" ಅಂದ್ರೆ ನಗ್ತಾರೆ. ಸ್ವಾಮಿ, ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲೇ ಶಿಶುನಾಳ ಷರೀಫರ ಪದಗಳನ್ನ ಗಿಟಾರ್, ಡ್ರಮ್ಸ್ ಜೊತೆ ಹಾಡಿದ್ರು. ಆ ಪದಗಳಿಗೆ ಜೀವ ಇರೋದೇ ಅವುಗಳ ಊರಿನ ಮಾತಿನಲ್ಲಿ. ಅದೇ 2008ರಲ್ಲಿ ಕೇರಳದ ಅವಿಯಲ್ ಬ್ಯಾಂಡ್ ಮಲಯಾಳಂನಲ್ಲೇ ಇಡೀ ರಾಕ್ ಆಲ್ಬಂ ತಂತು. ಸ್ವಂತ ಮಾತು ರಾಕ್‌ಗೆ ಅಡ್ಡ ಬರಲ್ಲ ಅನ್ನೋದಕ್ಕೆ ಕಾಸರಗೋಡಿನ ಹುಡುಗರಿಗೆ ಬೇರೆ ಸಾಕ್ಷಿ ಬೇಡ. ಊರಿನ ಮಾತು ತಪ್ಪಲ್ಲ. ಅದನ್ನ ತಿದ್ದೋಕೆ ಹೋಗಬೇಡಿ.

ಆದ್ರೆ ಪದವೇ ಕೇಳಿಸದೇ ಇದ್ರೆ? ಅದು ತಪ್ಪು, ಅದನ್ನ ಹೇಳಲೇಬೇಕು. ಕನ್ನಡದಲ್ಲಿ ಸ್ವರ ಎಳೆದ್ರೆ ಅರ್ಥ ಬದಲಾಗುತ್ತೆ. ಟ್ಯೂನಿಗೆ ಹೊಂದಿಸೋಕೆ "ನಡು" ಎಳೆದ್ರೆ "ನಾಡು", "ಬಿಡು" ಎಳೆದ್ರೆ "ಬೀಡು". ಇಂಗ್ಲಿಷ್ ಹಾಡಿನ ಟ್ಯೂನ್ ತಲೇಲಿಟ್ಟುಕೊಂಡು ಕನ್ನಡ ಪದ ಕೂರಿಸಿದಾಗ ಇದು ಪದೇ ಪದೇ ಆಗುತ್ತೆ. ಹಾಡಿದವನಿಗೆ ಗೊತ್ತಾಗಲ್ಲ, ಯಾಕಂದ್ರೆ ಅವನಿಗೆ ಸಾಹಿತ್ಯ ಬಾಯಿಪಾಠ. ಮೊದಲ ಸಲ ಕೇಳೋ ನಿಮಗೆ ಮಾತ್ರ ಗೊತ್ತಾಗುತ್ತೆ. ಹಾಗೇ ಡಿಸ್ಟಾರ್ಷನ್ ಹಾಕಿದ ಗಿಟಾರ್ ವ್ಯಂಜನಗಳ ಮೇಲೇ ಬಂದು ಕೂರುತ್ತೆ, ಒತ್ತಕ್ಷರ ಎಲ್ಲ ನುಂಗಿಹೋಗುತ್ತೆ. "ಎರಡನೇ ಚರಣದ ಮೂರನೇ ಸಾಲು ನನಗೆ ಹೀಗೆ ಕೇಳಿಸ್ತು" ಅಂತ ಬರೆದ್ರೆ ಅದು ನೂರು ಹಾರ್ಟಿಗಿಂತ ದೊಡ್ಡದು.

ಸೌಂಡ್ ಇಂಜಿನಿಯರಿಂಗ್ ಗೊತ್ತಿಲ್ಲ ಅಂತ ತಪ್ಪಿಸ್ಕೋಬೇಡಿ. ಧ್ವನಿ ಹಿಂದೆ ಬಿದ್ದಿದೆ ಅನ್ನೋಕೆ ಡಿಗ್ರಿ ಬೇಡ. ಜೋರಾದ ಜಾಗದಲ್ಲಿ ಪರಪರ ಅಂತ ಒಡೆದ್ರೆ ರೆಕಾರ್ಡಿಂಗ್ ಲೆವೆಲ್ ಜಾಸ್ತಿಯಾಗಿದೆ. ಅದನ್ನ ಆಮೇಲೆ ಪೂರ್ತಿ ಸರಿಮಾಡೋಕೆ ಆಗಲ್ಲ, ಲೆವೆಲ್ ಇಳಿಸಿ ಮತ್ತೆ ಹಾಡಬೇಕು. ಬಾವಿಯೊಳಗೆ ಹಾಡಿದ ಹಾಗಿದ್ರೆ ಆರ್‌ಸಿಸಿ ಮನೆಯ ಬೋಳು ಗೋಡೆಯ ಪ್ರತಿಧ್ವನಿ. ನಾಲ್ಕು ಕಂಬಳಿ ನೇತುಹಾಕಿ ಅನ್ನಿ. ಬೇಸ್ ಕೇಳಿಸ್ತಿಲ್ಲ ಅಂದ್ರೆ ಮೊದಲು ಇಯರ್‌ಫೋನ್ ಹಾಕಿ. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಸ್, ಮೊಬೈಲ್ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ನುಡಿಸೋ ತಾಕತ್ತಿಲ್ಲ. ಯಾವುದರಲ್ಲಿ ಕೇಳಿದ್ರಿ, ಎಷ್ಟನೇ ನಿಮಿಷದಲ್ಲಿ ಏನಾಯ್ತು, ಎಲ್ಲಿ ಬೇಜಾರು ಬಂತು. ಇಷ್ಟು ಬರೆದ್ರೆ ಸಾಕು.

"ಮನೇಲಿ ಮಾಡಿದ್ದು ತಾನೇ, ಇಷ್ಟಾದ್ರೂ ಮಾಡಿದಾರಲ್ಲ" ಅನ್ನೋರಿಗೆ ಒಂದು ಮಾತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ 1982ರ 'ನೆಬ್ರಾಸ್ಕಾ' ಆಲ್ಬಂ ರೆಕಾರ್ಡ್ ಆಗಿದ್ದು ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ. ಆ ಹಾಡುಗಳನ್ನ ಸ್ಟುಡಿಯೋದಲ್ಲಿ ಇಡೀ ಬ್ಯಾಂಡ್ ಜೊತೆ ಮತ್ತೆ ನುಡಿಸಿ ನೋಡಿದ್ರು. ಕಿವಿಗೊಟ್ಟು ಕೇಳಿದಾಗ ಮನೆಯ ಕ್ಯಾಸೆಟ್ಟೇ ಸರಿ ಅನ್ನಿಸ್ತು, ಅದನ್ನೇ ಬಿಡುಗಡೆ ಮಾಡಿದ್ರು. ಮನೆ ರೆಕಾರ್ಡಿಂಗಿಗೆ ರಿಯಾಯಿತಿ ಅಂಕ ಬೇಡ, ಅದಕ್ಕೂ ಅಷ್ಟೇ ಗಂಭೀರ ಕಿವಿ ಬೇಕು.

"ಟೀಕೆ ಮಾಡಿದ್ರೆ ಹುಡುಗರು ಬಿಟ್ಟುಬಿಡ್ತಾರೆ" ಅಂತ ಕೆಲವರ ಭಯ. ಬಿಡಿಸೋದು ಗೇಲಿ ಮತ್ತು ಮೌನ. ಹತ್ತು ಹಾಡು ಹಾಕಿ ಹತ್ತಕ್ಕೂ ಅದೇ "ಸೂಪರ್" ಬಂದ್ರೆ, ಯಾರೂ ಕೇಳ್ತಿಲ್ಲ ಅಂತ ಅವರಿಗೂ ಅರ್ಥ ಆಗುತ್ತೆ. ಅವರು ದಡ್ಡರಲ್ಲ.

ಇನ್ನು ಬ್ಯಾಂಡಿನವರೇ, ನಿಮಗೂ ಇದೆ. "ಹೇಗಿದೆ ಹೇಳಿ" ಅಂತ ಕೇಳಿದ್ರೆ "ಚೆನ್ನಾಗಿದೆ" ಅಂತಲೇ ಬರೋದು. ಇದು ಕಚ್ಚಾ ಪ್ರತಿಯಾ, ಮುಗಿದ ಹಾಡಾ ಅಂತ ಮೊದಲು ಬರೀರಿ. ಒಂದೋ ಎರಡೋ ನಿರ್ದಿಷ್ಟ ಪ್ರಶ್ನೆ ಕೇಳಿ: ಪದ ಕೇಳಿಸ್ತಾ? ಕೊನೆಯ ಸೋಲೋ ಉದ್ದ ಆಯ್ತಾ? ಸಾಹಿತ್ಯವನ್ನ ಮೊದಲೇ ಕೊಡಬೇಡಿ, ಜನ ಏನು ಕೇಳಿಸಿಕೊಂಡ್ರು ಅಂತ ತಿಳೀಲಿ, ಆಮೇಲೆ ಹಾಕಿ. ವಾಟ್ಸಾಪಿನಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಮಾಡಿ ಕಳಿಸಿ, ವಿಡಿಯೋ ಮಾಡಿ ಕಳಿಸಿದ್ರೆ ಅದು ಸದ್ದನ್ನ ಹಿಂಡಿಬಿಡುತ್ತೆ. ಯಾರಾದ್ರೂ ತಪ್ಪು ಹೇಳಿದ್ರೆ ಅರ್ಧ ಗಂಟೆ ವಾದ ಮಾಡಬೇಡಿ. ಐದು ಜನ ಒಂದೇ ಜಾಗ ತೋರಿಸಿದ್ರೆ ಆ ಜಾಗ ರಿಪೇರಿ ಮಾಡಿ. ಒಬ್ಬನೇ ಹೇಳಿದ್ರೆ ಬಿಟ್ಟರೂ ನಡೆಯುತ್ತೆ. ಹಾಡು ನಿಮ್ಮದು, ಕೊನೆಯ ಮಾತೂ ನಿಮ್ಮದೇ.

ನಮ್ಮವರಿಗೆ ಒಂದೇ ಕೋರಿಕೆ. ಮುಂದಿನ ಸಲ ಯಾರದಾದ್ರೂ ಮನೆ ರೆಕಾರ್ಡಿಂಗ್ ಲಿಂಕ್ ಬಂದಾಗ ಇಯರ್‌ಫೋನ್ ಹಾಕಿ, ಕೊನೆಯವರೆಗೆ ಎರಡು ಸಲ ಕೇಳಿ. ಆಮೇಲೆ ಮೂರು ಸಾಲು ಬರೀರಿ: ಏನು ಹಿಡಿಸ್ತು, ಎಲ್ಲಿ ಕೈಬಿಡ್ತು, ಯಾವ ಪದ ಅರ್ಥ ಆಗ್ಲಿಲ್ಲ. ಹಾರ್ಟ್ ಬೇಕಿದ್ರೆ ಅದರ ಪಕ್ಕ ಹಾಕಿ, ಯಾರೂ ಬೇಡ ಅನ್ನಲ್ಲ.